ಪರದೆಯ ಹಿಂದಿನವರ ಅಭಿಪ್ರಾಯ

ಟೀವಿ ನೋಡುವಾಗ ಏನನ್ನಾದರೂ ಹಿಡಿದುಕೊಂಡು ಕುಳಿತುಕೊಳ್ಳುವ ಚಟ ನನಗಿದೆ. ಕೆಲವರು ಚುರಮರಿಯ ಬಟ್ಟಲು ಹಿಡಿದುಕೊಳ್ಳುತ್ತಾರೆ, ಕೆಲವರು ರಿಮೋಟು. ನಮ್ಮ ಮನೆಯಲ್ಲಿ ರಿಮೋಟು ನನ್ನ ಕೈಗೆ ಬರುವುದಿಲ್ಲವಾದ್ದರಿಂದ ನಾನು ಟೀವಿಯನ್ನೇ ಹಿಡಿದುಕೊಳ್ಳುತ್ತೇನೆ. ಯಾವಾಗಲೂ ಅಲ್ಲ. ಹೊರಗೆ ಗಾಳಿ ಎದ್ದು ಕಿಟಕಿಯ ಬಾಗಿಲು ಬಡಿದುಕೊಳ್ಳಬೇಕು, ಒಳಗೆ ಟೀವಿಯಲ್ಲಿ ಮಂದಿ ನಗುತ್ತಿರಬೇಕು. ಇವೆರಡೂ ಕೂಡಿದವೆಂದರೆ ನಾನು ಕುರ್ಚಿಯಿಂದ ಎದ್ದದ್ದು ನನಗೇ ತಿಳಿಯುವುದಿಲ್ಲ. ತಿಳಿಯುವಷ್ಟರಲ್ಲಿ ಟೀವಿಯ ಮಗ್ಗುಲಲ್ಲಿ ನಿಂತು ಅದರ ಅಂಚನ್ನು ಎರಡೂ ಕೈಯಿಂದ ಅವಚಿಕೊಂಡಿರುತ್ತೇನೆ. ಮನೆಗೆ ಬಂದವರು, ಯಜಮಾನರಿಗೆ ಕಣ್ಣು ಮಂಜಾಗಿದೆ, ಹತ್ತಿರದಿಂದ ನೋಡುತ್ತಾರೆ ಎಂದುಕೊಂಡು ಸುಮ್ಮನಾಗುತ್ತಾರೆ. ನನ್ನ ಹೆಂಡತಿ ಶಾಂತಾಗೆ ಮಾತ್ರ ಕಾರಣ ಗೊತ್ತು. ಆಕೆ ಸುಮ್ಮನಾಗುವುದಿಲ್ಲ.

"ಬಿಡ್ರಿ ಅದನ್ನ. ಗ್ವಾಡಿಗೆ ಮೊಳಿ ಹೊಡದಾರ," ಅನ್ನುತ್ತಾಳೆ.

ನಾವಿಬ್ಬರೂ ಈಗ ಗೋಳಗುಮ್ಮಟದ ಸಮೀಪದ ಒಂದು ಓಣಿಯಲ್ಲಿ ಇರುತ್ತೇವೆ. ಸಂಜೆ ಹೊತ್ತು ಪ್ರೇಮದ ಹಾಸ್ಯಚಿತ್ರಗಳನ್ನು ನೋಡುತ್ತೇವೆ. ಅವುಗಳ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದಲ್ಲ. ಈಗಿನ ನಾಯಕ ನಾಯಕಿಯರ ಕೈಯಲ್ಲಿ ಸದಾ ಒಂದು ಫೋನಿರುತ್ತದೆ. ಆದರೂ ಎರಡೂವರೆ ತಾಸು ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡೇ ಇರುತ್ತಾರೆ. ಒಂದು ಸಲ ಫೋನು ಹಚ್ಚಿ ಕೇಳಿದ್ದರೆ ಮುಗಿಯುತ್ತಿತ್ತು. ಅವರು ಕೇಳುವುದಿಲ್ಲ, ವಿಮಾನ ನಿಲ್ದಾಣದವರೆಗೆ ಓಡುತ್ತಾರೆ. ನಾನು ಮೂಕಿ ಚಿತ್ರಗಳ ಪಕ್ಷದವನು. ಮಾತಿಲ್ಲದ ಚಿತ್ರದ ದೊಡ್ಡ ಗುಣವೆಂದರೆ ಅಲ್ಲಿ ನೋಡುವವರು ಮಾತಾಡಬಹುದು. ನಮ್ಮೂರು ತಿಕೋಟಾದ ಸಿನೆಮಾ ಟೆಂಟಿನಲ್ಲಿ ನಾವು ಮಾತಾಡಿದ ಹಾಗೆ ಮತ್ತೆಲ್ಲೂ ಯಾರೂ ಮಾತಾಡಿರಲಾರರು. ಆ ಮಾತಿನಿಂದಲೇ ಒಂದಿಬ್ಬರ ಪ್ರಾಣ ಹೋಗುವುದರಲ್ಲಿತ್ತು ಎನ್ನುವುದು ಬೇರೆ ವಿಷಯ. ಬೇರೆ ವಿಷಯವೇನು, ಅದೇ ವಿಷಯ. ಆದರೆ ಅಲ್ಲಿಗೆ ನಾನು ನೇರವಾಗಿ ಹೋಗಲಾರೆ. ಇಷ್ಟು ವರ್ಷಗಳಾದರೂ ಅದರ ಹತ್ತಿರ ಬಂದಾಗ ಕೈ ತಾನಾಗಿ ಏನನ್ನೋ ಹುಡುಕುತ್ತದೆ.

ಅರವತ್ತರ ದಶಕದ ಆರಂಭ. ನಾನು ಆಗ ವಿಜಯಪುರದಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮೆಲ್ಲರ ಬಾಯಲ್ಲಿ ಊರ ಹೆಸರು ವಿಜಾಪುರ. ಬಾಡಿಗೆ ಖೋಲಿಯ ಗೆಳೆಯರೆಲ್ಲ ಸಿನೆಮಾ ನೋಡಿ ಬಂದ ಮರುದಿನ ಗುಮ್ಮಟದ ಮೇಲೆ ಹತ್ತಿ ನಾಯಕಿಯ ಹೆಸರು ಕೂಗುತ್ತಿದ್ದರು. ಗುಮ್ಮಟ ಅದನ್ನು ಮತ್ತೆ ಮತ್ತೆ ತಿರುಗಿ ಹೇಳುತ್ತಿತ್ತು, ಇವರು ಆಕೆಯೇ ಓಗೊಟ್ಟಳೆಂದು ಸಂತೋಷಪಡುತ್ತಿದ್ದರು. ಒಂದು ದಿನ ಅವರೆಲ್ಲ ಕೆಳಗಿಳಿದ ಮೇಲೆ ನಾನು ಹಿಂದೆ ಉಳಿದು, ಗೋಡೆಗೆ ಬಾಯಿ ಹಚ್ಚಿ, ಸಣ್ಣಗೆ "ಶಾಂತಾ" ಅಂದೆ. ಆಚೆ ಬದಿಯಲ್ಲಿ ಕುಳಿತಿದ್ದ ಯಾರೋ ಮುದುಕ ಪ್ರವಾಸಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಆತ ಎದ್ದು ನಿಂತು, "ಯಾರವ್ವಾ ಶಾಂತಾ, ನಿನ್ನ ಕರ್ಯಾಕತ್ತಾರ ನೋಡು," ಎಂದು ಇಡೀ ಗುಮ್ಮಟಕ್ಕೆ ಕೇಳುವ ಹಾಗೆ ಕೂಗಿದ. ಗುಮ್ಮಟ ಆ ಮಾತನ್ನೂ ಬಿಡಲಿಲ್ಲ. ನಾನು ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ.

ಶಾಂತಾ ಬಬಲೇಶ್ವರದ ನನ್ನ ಸೋದರಮಾವನ ಮಗಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಎಷ್ಟೋ ವರ್ಷವಾಗಿ, ಊರ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಮಾಮಾನಿಗೆ ಮಗಳನ್ನು ತಂಗಿಯ ಮಗನಿಗೇ, ಅಂದರೆ ನನಗೇ, ಕೊಡಬೇಕೆಂಬ ಆಸೆ. ಅತ್ತಿ, ಅಂದರೆ ಮಾಮಾನ ಹೆಂಡತಿ ಗೌರವ್ವನಿಗೆ, ಆ ಆಸೆ ಎಳ್ಳಷ್ಟೂ ಇರಲಿಲ್ಲ. ಮಮದಾಪುರದಲ್ಲಿ ಕೆರೆಯ ಕೆಳಗೆ ಹೊಲ ಇದ್ದವರ ಮಗನೊಬ್ಬನನ್ನು ಆಕೆ ನೋಡಿಟ್ಟಿದ್ದಳು. ಅವನು ಗರಡಿಯಲ್ಲಿ ಮೈ ಹುರಿ ಮಾಡಿಕೊಂಡವನು. ಅವನು ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತದೆಂದು ಅತ್ತಿ ಅಭಿಮಾನದಿಂದ ಹೇಳುತ್ತಿದ್ದಳು. ನಾನು ನಿಂತರೆ ಬೆಳಕು ಅಷ್ಟೇ ಬರುತ್ತಿತ್ತು.

ಆ ಬೇಸಿಗೆಯ ರಜೆಯಲ್ಲಿ ಮೂವರೂ ಬಂಡಿ ಹೂಡಿಕೊಂಡು ತಿಕೋಟಾಕ್ಕೆ, ನಮ್ಮ ಮನೆಗೆ ಬಂದರು. ಮರುದಿನ ಮುಂಜಾನೆ ಹೊರಡುವ ಮುಂಚೆ ಹೌದು ಅಥವಾ ಇಲ್ಲ, ಒಂದು ಮಾತು ಹೇಳಿ ಹೋಗುವುದೆಂದು ನಿಶ್ಚಯವಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅತ್ತಿಯ ಮೋರೆ 'ಇಲ್ಲ' ಅನ್ನುವ ಕಡೆಗೇ ಇತ್ತು. ನನ್ನವ್ವ ನನ್ನನ್ನು ಅಡಿಗೆ ಮನೆಯ ಹಿಂದೆ ಕರೆದು ಹೇಳಿದಳು: "ಸಂಜಿಕ ಎಲ್ಲಾರನ್ನೂ ಸಿನೆಮಾಕ್ಕ ಕರಕೊಂಡ ಹೋಗು. ಒಂದೀಟು ನಕ್ಕು ಬಂದ್ಲಂದ್ರ ನಾಳಿಗೆ ನಿಮ್ಮತ್ತಿ ಹೂಂ ಅಂದಾಳು."

ಊರ ಹೊರಗೆ ಸುಗ್ಗಿ ಮುಗಿದ ಕಣದಲ್ಲಿ ಬಾಬುರಾವ ಎಂಬುವನ ಟೆಂಟು ನಿಂತಿತ್ತು. ಅವನ ಮಾತಿನ ಮಿಷನ್ನು ಆ ವಾರ ಕೆಟ್ಟಿತ್ತು. ಅದಕ್ಕೆ ಎಲ್ಲಿಂದಲೋ ಒಂದು ಹಳೆಯ ವಿಲಾಯತಿ ಮೂಕಿ ಚಿತ್ರದ ಡಬ್ಬಿಗಳನ್ನು ತಂದು, ಬಂಡಿಯಲ್ಲಿ ಕುಳಿತು ಓಣಿ ಓಣಿಯಲ್ಲಿ ಸಾರಿದ್ದ: "ಮಾತು ಇಲ್ಲರಿ, ಕಥಿ ಭಾಳ ಐತ್ರಿ."

ಆ ಟೆಂಟಿನ ಪದ್ಧತಿಯನ್ನು ಇಲ್ಲಿ ಹೇಳಬೇಕು. ಪರದೆ ಟೆಂಟಿನ ಒಂದು ತುದಿಗಿರಲಿಲ್ಲ, ನಟ್ಟನಡುವೆ ಇತ್ತು. ಈ ಕಡೆ ಗಂಡಸರು, ಆ ಕಡೆ ಹೆಂಗಸರು. ಚಿತ್ರ ಬಿಡುವ ಮಿಷನ್ನು ಗಂಡಸರ ಬೆನ್ನಿಗೆ. ಪರದೆ ಒಣಗಿದ್ದರೆ ಚಿತ್ರ ಆಚೆ ಮೂಡುವುದಿಲ್ಲವಲ್ಲ, ಹಾಗಾಗಿ ಒಂದೊಂದು ರೀಲು ಮುಗಿದಾಗಲೂ ಬಾಬುರಾವ ಬಕೀಟಿನಿಂದ ನೀರು ಎರಚಿ ಅದನ್ನು ತೋಯಿಸುತ್ತಿದ್ದ. ನಾನು ಇಂದಿಗೂ ಒದ್ದೆ ಬಟ್ಟೆಯ ವಾಸನೆ ಬಂದರೆ ಸಿನೆಮಾ ಸುರುವಾಗುತ್ತದೆಂದು ಕಾಯುತ್ತೇನೆ. ಹೆಂಗಸರಿಗೆ ಚಿತ್ರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ, ಎಡ ಬಲವಾಗಿ ಬಲ ಎಡವಾಗಿ ಕಾಣುತ್ತಿತ್ತು. ಹೀಗೆ ಎಷ್ಟೋ ವರ್ಷ ನಡೆದರೂ ಇದು ಯಾರಿಗೂ ಹೊಳೆದಿರಲಿಲ್ಲ. ಗಂಡ ಹೆಂಡತಿ ಮನೆಗೆ ಬಂದು ಕುಳಿತು ಸಿನೆಮಾದ ವಿಷಯ ಮಾತಾಡುವ ರೂಢಿ ಆಗ ನಮ್ಮಲ್ಲಿ ಇರಲಿಲ್ಲ.

ಮಾಮಾ ಬೀಗನಾಗಬಹುದಾದವನು ಎಂದು ಅವನನ್ನು ಎಲ್ಲರಿಗಿಂತ ಮುಂದೆ, ಪರದೆಯ ಬುಡದಲ್ಲಿ ಕೂಡ್ರಿಸಿದರು. ಸುತ್ತಲೂ ಶೇಂಗಾ ಸುಲಿಯುತ್ತ ಹುಡುಗರು. ಅತ್ತಿ ಮತ್ತು ಶಾಂತಾ ಹಾಸಿಕೊಳ್ಳಲು ಕೌದಿ ಹಿಡಿದುಕೊಂಡು ಆಚೆ ಹೋದರು.

ಕಥೆ ಸಣ್ಣದು. ಛತ್ರಿ ರಿಪೇರಿ ಮಾಡುವ ಒಬ್ಬ ಬಡಕಲು ಹುಡುಗ. ಮೇಲಿನ ಅಂತಸ್ತಿನಲ್ಲಿ ಟೋಪಿ ಅಂಗಡಿಯ ಹುಡುಗಿ. ಹುಡುಗಿಯ ಕಾಕಾನಿಗೆ ಒಬ್ಬ ದಪ್ಪ ಮೀಸೆಯ ಪೈಲವಾನನ ಮೇಲೆ ಕಣ್ಣು. ಬಾಬುರಾವ ಇಡೀ ಮುಂಬೈ ಹುಡುಕಿ ನಮ್ಮ ಮನೆಯ ಕಥೆಯನ್ನೇ ತಂದಿದ್ದ.

ಹೋಟೆಲಿನ ದೃಶ್ಯದವರೆಗೆ ಎಲ್ಲ ಸುಖವಾಗಿತ್ತು. ಅಲ್ಲಿ ಛತ್ರಿ ಹುಡುಗ ಚಮಚ ಎತ್ತಿ ಸಾರು ಕುಡಿಯತೊಡಗಿದ. ಪರದೆಯ ಆಚೆಯಿಂದ ಅತ್ತಿಯ ಧ್ವನಿ ಬಂತು.

"ಅಯ್ಯ, ಇವ ಎಡಗೈಲೆ ಉಣ್ಣಾಕತ್ತಾನಲ್ಲವ್ವ."

"ಬಲಗೈಲೇ ಉಣ್ಣಾಕತ್ತಾನ," ಎಂದ ಮಾಮಾ ಈ ಕಡೆಯಿಂದ.

"ಕಣ್ಣ ತೆರದ ನೋಡ್ರಿ. ಎಡಗೈಲೆ ಉಣ್ಣಾವಗ ನಾ ಹೆಣ್ಣ ಕೊಡಾಕಿಲ್ಲ."

"ನಿನ್ನ ಕೇಳಿದವ್ರು ಯಾರು? ಹುಡುಗಿ ಕಾಕಾನ್ನ ಕೇಳ್ಯಾರ."

ಗಂಡಸರು ನಕ್ಕರು. ಹೆಂಗಸರು ಅತ್ತಿಯ ಪಕ್ಷ ಹಿಡಿದರು. ಅಷ್ಟರಲ್ಲಿ ಚಿತ್ರದಲ್ಲಿ ಲಗ್ನವೇ ಬಂದುಬಿಟ್ಟಿತು. ಗಂಡಸರ ಕಣ್ಣಿಗೆ ಹುಡುಗಿ ಹುಡುಗನ ಎಡಕ್ಕೆ ನಿಂತಿದ್ದಳು, ಹೆಂಗಸರ ಕಣ್ಣಿಗೆ ಬಲಕ್ಕೆ. ನಮ್ಮಲ್ಲಿ ತಾಳಿ ಕಟ್ಟುವ ತನಕ ಮದುಮಗಳು ಬಲಕ್ಕೆ, ಕಟ್ಟಿದ ಮೇಲೆ ಎಡಕ್ಕೆ. ಹೀಗಾಗಿ ಪರದೆಯ ಈಚೆ ಲಗ್ನ ಮುಗಿದಿತ್ತು, ಆಚೆ ಆಗಿರಲಿಲ್ಲ. ಛತ್ರಿ ಹುಡುಗ ಹೆಂಡತಿಯ ಕೆನ್ನೆಯ ಹತ್ತಿರ ಬಾಗಿದಾಗ ಗಂಡಸರು ಸೀಟಿ ಹೊಡೆದರು, ಹೆಂಗಸರು ಅವನ ವಂಶವನ್ನು ಬೈಯತೊಡಗಿದರು.

"ಇನ್ನೂ ಲಗ್ನ ಆಗಿಲ್ಲ, ಮೈ ಮುಟ್ಟಾಕತ್ತಾನ ಸುಡಗಾಡ."

"ಆಗೇತಿ ಬೇ. ಎಡಕ್ಕ ನಿಂತಾಳ."

ಯಾರೋ ಹಿರಿಯರು ಹೇಳಿದರು: "ಬಿ.ಎ. ಓದಾಕತ್ತಾನಲ್ಲ, ಆ ಹುಡುಗನ್ನ ಕೇಳ್ರಿ. ಅವ ಏನ್ ಹೇಳತಾನ ಅದ ಖರೇ."

ಇಂಥ ಅವಕಾಶವನ್ನು ಇಪ್ಪತ್ತರ ವಯಸ್ಸಿನಲ್ಲಿ ಯಾರು ಬಿಡುತ್ತಾರೆ? ನಾನು ಎದ್ದೆ. ಪರದೆಯನ್ನು ಎರಡೂ ತುದಿಗೆ ಎರಡು ಕಂಬಗಳು ಎತ್ತಿ ಹಿಡಿದಿದ್ದವು. ಅದರಲ್ಲಿ ಒಂದು ಕಂಬದ ಪಕ್ಕ ನಿಂತೆ, ಎರಡೂ ಕಡೆಯವರಿಗೆ ಕಾಣುವ ಹಾಗೆ. ಬಲಗೈ ಎತ್ತಿದೆ. ಬೆಳಕು, ಕಿರಣ, ಪ್ರತಿಬಿಂಬ ಎಂಬ ಮಾತುಗಳನ್ನೆಲ್ಲ ಬಳಸಿದೆ. ಬಿ.ಎ.ಯಲ್ಲಿ ನನ್ನ ವಿಷಯ ಇತಿಹಾಸವಾಗಿತ್ತು, ಅದನ್ನು ಯಾರೂ ಕೇಳಲಿಲ್ಲ. ಕೊನೆಗೆ ಎಲ್ಲರಿಗೂ ತಿಳಿಯಲೆಂದು ಸರಳ ಮಾಡಿ ಹೇಳಿದೆ: "ಈ ಕಡೆ ಕಾಣೂದು ಸರಿ ಐತಿ. ಹೆಣ್ಣಮಕ್ಕಳಿಗೆ ಕಾಣೂದು ತಿರುವುಮುರುವು."

ಗಂಡಸರು ಚಪ್ಪಾಳೆ ತಟ್ಟಿದರು. ಆ ಕಡೆಯಿಂದ ಅತ್ತಿ ಕೇಳಿದಳು: "ಅಂದ್ರ ತಮ್ಮಾ, ಇಷ್ಟ ವರ್ಷ ನಾವು ನೋಡಿದ್ದೆಲ್ಲಾ ತಿರುವುಮುರುವು ಏನು?"

ಆ ಧ್ವನಿಯಲ್ಲಿ ಮಮದಾಪುರದ ಪೈಲವಾನನಿಗೆ ಅಕ್ಷತೆ ಬಿದ್ದದ್ದು ನನಗೆ ಕೇಳಿಸಿತು.

ಆಗ ಗಾಳಿ ಬಂತು. ಅದೂ ಬಬಲೇಶ್ವರದ ದಿಕ್ಕಿನಿಂದಲೇ, ಹೆಣ್ಣಿನ ಕಡೆಯಿಂದ. ಮೇ ತಿಂಗಳಲ್ಲಿ ನಮ್ಮಲ್ಲಿ ಮಳೆಗೆ ಮುಂಚೆ ಧೂಳು ಎಬ್ಬಿಸಿಕೊಂಡು ಬರುತ್ತದಲ್ಲ, ಅಂಥದು. ಹೆಂಗಸರ ಕಡೆ ಮರೆಗೆ ಕಟ್ಟಿದ್ದ ಗೋಣಿತಟ್ಟನ್ನು ಹಾರಿಸಿ ಒಳಗೆ ನುಗ್ಗಿ ಒದ್ದೆ ಪರದೆಯನ್ನು ತುಂಬಿಕೊಂಡಿತು. ಪರದೆ ಗಂಡಸರ ಕಡೆಗೆ ಹೊಟ್ಟೆ ಉಬ್ಬಿಸಿ ನಿಂತಿತು. ಆಗ ಅದರ ಮೇಲೆ ಇದ್ದವಳು ಮದುಮಗಳು.

"ಯಪ್ಪಾ, ಬಸರಾದಳಲ್ಲೋ," ಎಂದ ಒಬ್ಬ. "ತಾಳಿ ಕಟ್ಟಿ ಇನ್ನೂ ಗಳಿಗಿ ಆಗಿಲ್ಲ," ಎಂದ ಇನ್ನೊಬ್ಬ. ಅಲ್ಲಿಂದ ಸುರುವಾದ ನಗು. ಮಾಮಾ ಹಿಂದಕ್ಕೆ ಬಾಗಿ, ತೊಡೆ ಬಡಿದುಕೊಂಡು ನಗುತ್ತಿದ್ದ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ಎರಡೂ ಕಡೆ ಕಾಣುವ ಜಾಗದಲ್ಲಿ ನಿಂತವನು ನಾನೊಬ್ಬನೇ. ರೀಲಿಗೊಮ್ಮೆ ಎರಚಿದ ನೀರೆಲ್ಲ ಇಳಿದು ಇಳಿದು ಕಂಬದ ಬುಡದ ಎರೆಮಣ್ಣು ರಾಡಿಯಾಗಿತ್ತು. ಆಚೆ ಕಡೆ ಹಗ್ಗ ಕಟ್ಟಿದ ಗೂಟ ಆ ರಾಡಿಯಿಂದ ಕಿತ್ತುಕೊಂಡು ಬಂತು. ನನ್ನ ಕಾಲ ಹತ್ತಿರ ಕಂಬ ಕುಣಿಯಿಂದ ಮೇಲಕ್ಕೆ ಏಳುತ್ತಿತ್ತು. ಬಹಳ ನಿಧಾನವಾಗಿ, ಯಾರೋ ಕೆಳಗಿನಿಂದ ದೂಡಿದ ಹಾಗೆ. ತುದಿಗೆ ಕಬ್ಬಿಣದ ಬಳೆ ಹಾಕಿದ, ಇಬ್ಬರು ಆಳು ಹೊರುವ ಕಂಬ. ಅದು ಮಾಮಾನ ಮತ್ತು ಆ ಹುಡುಗರ ಕಡೆಗೆ ವಾಲುತ್ತಿತ್ತು. ಅವರು ನಗುತ್ತಿದ್ದರು. ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಕಂಬವಲ್ಲ, ಅದು ಬಿಟ್ಟುಬಂದ ಆ ಕರಿ ಕುಣಿ, ಕೇಳುವುದು ಆ ನಗು.

ಹೆಂಗಸರಿಗೆ ಎಲ್ಲ ಕಂಡಿತ್ತು. ಅವರ ಕಡೆ ಪರದೆ ತಗ್ಗಾಗಿ, ಕಂಬ ವಾಲುವುದು ಬರಿಗಣ್ಣಿಗೆ ತಿಳಿಯುತ್ತಿತ್ತು. "ಏಳ್ರಿ, ಕಂಬ ಬೀಳಾಕತ್ತೈತಿ, ಏಳ್ರಿ," ಎಂದು ಎಲ್ಲರೂ ಕೂಗಿದರು.

ಮಾಮಾ ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದ: "ಸುಮ್ಮ ಕೂಡ್ರಿ ಬೇ. ನಿಮಗ ಎಲ್ಲಾ ತಿರುವುಮುರುವು ಕಾಣತೈತಿ. ಈಗಷ್ಟ ಹೇಳ್ಯಾನ ಬಿ.ಎ. ಹುಡುಗ."

ಗಂಡಸರು ಮತ್ತೂ ನಕ್ಕರು.

ನಾನು ಬಾಯಿ ತೆರೆದೆ. ಮಾಮಾ, ಅವರು ಹೇಳೂದು ಖರೇ, ಏಳು, ಎಂದು ಹೇಳಬೇಕಾಗಿತ್ತು. ತುಟಿ ಆಡಿತು, ಸಪ್ಪಳ ಬರಲಿಲ್ಲ. ಪರದೆಯ ಮೇಲಿನ ಛತ್ರಿ ಹುಡುಗನಿಗೂ ನನಗೂ ವ್ಯತ್ಯಾಸ ಉಳಿಯಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದ ಬಾಯಿ ಅದು. ಬೇರೇನೂ ತೋಚದೆ ಕಂಬವನ್ನು ತಬ್ಬಿಕೊಂಡೆ. ಕಂಬ ನನ್ನನ್ನೂ ಎತ್ತಿಕೊಂಡು ತನ್ನ ಕೆಲಸ ಮುಂದುವರಿಸಿತು. ನನ್ನ ಚಪ್ಪಲಿ ಕೆಳಗುಳಿದವು.

"ಏ ತಮ್ಮಾ, ಸರಿಲೇ, ಕಾಣವಲ್ದು," ಎಂದು ಯಾರೋ ಕೂಗಿದರು. ಮದುಮಗಳ ಅರ್ಧ ಮೋರೆ ನನ್ನ ಬಿಳಿ ಅಂಗಿಯ ಮೇಲೆ ಬಿದ್ದಿತ್ತಂತೆ.

ಆಚೆ ಅತ್ತಿ ಹಾರಾಡುತ್ತಿದ್ದ ಹಗ್ಗವನ್ನು ಹಿಡಿದಳು. ಅವಳ ಹಿಂದೆ ಹತ್ತಾರು ಹೆಂಗಸರು ಸೀರೆ ಕಚ್ಚೆ ಬಿಗಿದು, ಬಾವಿಗೆ ಬಿದ್ದ ಎಮ್ಮೆಯನ್ನು ಎಳೆಯುವ ಹಾಗೆ, ಸಾಲಾಗಿ ಜೋತುಬಿದ್ದರು. ಆದರೆ ಗಾಳಿ ತುಂಬಿದ ಪರದೆ ಅವರೆಲ್ಲರನ್ನೂ ಮುಂದಕ್ಕೆ ಎಳೆಯುತ್ತಿತ್ತು. ಆಗ ಶಾಂತಾ ಪರದೆಯ ಹತ್ತಿರ ಓಡಿ ಬಂದಳು. ಅದು ಒಂದೇ ಅರಿವೆಯಲ್ಲ, ಪಟ್ಟಿ ಪಟ್ಟಿ ಸೇರಿಸಿ ಹೊಲಿದದ್ದು. ಹೊಲಿಗೆ ಕಲಿಸುವವಳಿಗೆ ಅದು ಎಲ್ಲಿ ಬಿಚ್ಚುತ್ತದೆಂದು ಹೇಳಿಕೊಡಬೇಕೆ? ಕೆಳಗಿನ ಅಂಚಿನಲ್ಲಿ ಹಲ್ಲಿನಿಂದ ಒಂದು ದಾರ ಕಡಿದು ಎರಡೂ ಕೈಯಿಂದ ಜಗ್ಗಿದಳು. ಪರದೆ ಕೆಳಗಿನಿಂದ ಮೇಲಿನವರೆಗೆ ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು. ಗಾಳಿ ಅದರೊಳಗಿಂದ ಹಾದು ಹೋಯಿತು. ಅತ್ತಿಯ ಸೈನ್ಯ ಜಗ್ಗಿದ ರಭಸಕ್ಕೆ ಕಂಬ, ಕಂಬದ ಜೊತೆ ನಾನು, ಇಬ್ಬರೂ ಕುಣಿಯೊಳಗೆ ವಾಪಸು ಕುಳಿತೆವು.

ಮಿಷನ್ನು ನಡೆಸುವವನಿಗೆ ಇದಾವುದೂ ಗೊತ್ತಿರಲಿಲ್ಲ. ಚಿತ್ರ ನಡೆದೇ ಇತ್ತು. ಬೀಳಲು ಪರದೆ ಇಲ್ಲದ್ದರಿಂದ ಅದು ಆಚೆ ಹಗ್ಗ ಹಿಡಿದು ನಿಂತ ಹೆಂಗಸರ ಮೇಲೆ ಬಿತ್ತು. ಮುಂದೆ ನಿಂತವಳು ಅತ್ತಿ. ಕಣ್ಣು ಕೆಂಪಾಗಿ, ತಲೆಯ ಸೆರಗು ಜಾರಿ, ಏದುಸಿರು ಬಿಡುತ್ತಿದ್ದಳು. ಅವಳ ಕೆನ್ನೆಯ ಮೇಲೆ ಛತ್ರಿ ಹುಡುಗ ಬಹಳ ಪ್ರೀತಿಯಿಂದ ಮುದ್ದು ಕೊಡುತ್ತಿದ್ದ.

ಯಾರೂ ನಗಲಿಲ್ಲ. ಮಾಮಾ ಬಾಯಿ ತೆರೆದು ಹೆಂಡತಿಯನ್ನೂ, ತಲೆಯ ಮೇಲೆಯೇ ಇದ್ದ ಕಬ್ಬಿಣದ ಬಳೆಯನ್ನೂ, ಮತ್ತೆ ಹೆಂಡತಿಯನ್ನೂ ನೋಡಿದ. ದಪ್ಪ ಹನಿ ಬೀಳತೊಡಗಿತು. ನನ್ನ ಕೈಗಳನ್ನು ಕಂಬದಿಂದ ಬಿಡಿಸಲು ಇಬ್ಬರು ಬೇಕಾದರು.

ಆ ರಾತ್ರಿ ನಮ್ಮ ಮನೆಯಲ್ಲಿ ಊಟ ಮೂಕಿ ಚಿತ್ರದ ಹಾಗೆಯೇ ನಡೆಯಿತು. ಮುಂಜಾನೆ ಬಾಬುರಾವ ಹರಿದ ಪರದೆಯನ್ನು ಹೆಗಲ ಮೇಲೆ ಹೊತ್ತು ಬಂದು ಅಂಗಳದಲ್ಲಿ ಎಸೆದ. "ನನ್ನ ಹೊಟ್ಟಿ ಮ್ಯಾಲೆ ಹೊಡದ್ರಿ ಬಾಯಾರ," ಎಂದ. "ನಿನ್ನ ಕಂಬಾ ಉಳಿಸೇವಿ, ಮಂದೀನೂ ಉಳಿಸೇವಿ. ಹರದ ಅರಬಿಗೆ ಅಳತೀಯೇನು," ಎಂದಳು ಅತ್ತಿ. ಶಾಂತಾ ಸೂಜಿ ದಾರ ತೆಗೆದುಕೊಂಡು ಕುಳಿತಳು. ಪರದೆ ಉದ್ದವಾಗಿತ್ತು, ಒಬ್ಬರು ಆ ತುದಿ ಹಿಡಿಯಬೇಕಾಗಿತ್ತು. ನಾನು ಹಿಡಿದೆ.

"ಅರಬಿ ಜೋಲಾಕತ್ತೈತಿ. ಸರಿಯಾಗಿ ಹಿಡಿ," ಎಂದಳು. ಲಗ್ನಕ್ಕೆ ಮುಂಚೆ ಆಕೆ ನನಗೆ ಹೇಳಿದ ಪ್ರೇಮದ ಮಾತು ಅದೊಂದೇ.

ಪಡಸಾಲೆಯಲ್ಲಿ ಮಾಮಾ ಚಹಾದ ಬಟ್ಟಲು ಕೆಳಗಿಟ್ಟು, ಹೆಂಡತಿಯನ್ನು ನೋಡದೆ ಕೇಳಿದ: "ಮತ್ತೇನ್ ಹೇಳತಿ?"

"ಮೈಯಾಗ ಕಸುವಿಲ್ಲ ಅಂತ ನಾ ಅಂದಿದ್ದು ಖರೇ ಐತಿ," ಎಂದಳು ಅತ್ತಿ. "ಕಂಬದ ಜೋಡಿ ತಾನೂ ಮ್ಯಾಲ ಏಳಾಕತ್ತಿದ್ದ. ನಾವು ಎಳದಿಲ್ಲಂದ್ರ ವಿಜಾಪುರದಾಗ ಇಳೀತಿದ್ದ."

ಅವ್ವನ ಮೋರೆ ಸಣ್ಣದಾಯಿತು. ನಾನು ಅಂಗಳದಲ್ಲಿ ಪರದೆಯ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಆದ್ರ ಬಿಡಲಿಲ್ಲ ನೋಡ್ರಿ," ಎಂದು ಅತ್ತಿ ಮುಂದುವರಿಸಿದಳು. "ಕಸುವಿದ್ದಾಂವ ಬಿಟ್ಟು ಓಡತಿದ್ದ. ಇವಗ ಬಿಡೂದ ಗೊತ್ತಿಲ್ಲ. ಇಂಥಾಂವಗ ಹುಡುಗಿ ಕೊಟ್ಟರ ನಡೀತೈತಿ."

"ಎಡಗೈಲೆ ಉಣ್ಣಾವಗ ಕೊಡಾಕಿಲ್ಲ ಅಂದಿದ್ದಿ?"

"ಇವ ಬಲಗೈಲೆ ಉಣ್ಣತಾನ. ನಾ ಎದುರಿಗೆ ಕುಂತು ನೋಡೀನಿ, ಹಿಂದಿನಿಂದಲ್ಲ." ಹಾಗೆಂದು ಅಂಗಳದ ಕಡೆ ತಿರುಗಿದಳು. "ನಿಂದೇನ್ ಬೇ ಶಾಂತಾ? ನಿಂಗ ಹೆಂಗ ಕಾಣತಾನ?"

ಶಾಂತಾ ತಲೆ ಎತ್ತಲಿಲ್ಲ. ದಾರ ಹಲ್ಲಿನಿಂದ ಕಡಿದು, "ಹೂಂ," ಅಂದಳು.

ಆಮೇಲೆ ತಿಕೋಟಾದಲ್ಲಿ ಒಂದು ಬದಲಾವಣೆಯಾಯಿತು. ಸಿನೆಮಾ ನೋಡಿ ಬಂದ ಗಂಡ, ಕೈಕಾಲು ತೊಳೆದು ಊಟಕ್ಕೆ ಕುಳಿತಾಗ, "ನಿನಗ ಯಾವ ಕೈ ಕಂಡ್ತು?" ಎಂದು ಹೆಂಡತಿಯನ್ನು ಕೇಳತೊಡಗಿದ. ನನ್ನ ಮಾಮಾ ಕೊನೆಯವರೆಗೂ ಕೇಳಿದ. ಸಿನೆಮಾದ್ದಷ್ಟೇ ಅಲ್ಲ, ಎತ್ತು ಕೊಳ್ಳುವಾಗಲೂ ಒಂದು ಸಲ ಅತ್ತಿಯನ್ನು ಅದರ ಹಿಂದೆ ನಿಲ್ಲಿಸಿ ನೋಡಿಸುತ್ತಿದ್ದ.

ಮೊನ್ನೆ ಸಂಜೆ ಮತ್ತೆ ಗಾಳಿ ಎದ್ದಿತು. ಟೀವಿಯಲ್ಲಿ ಒಂದು ಲಗ್ನದ ಮನೆ, ಎಲ್ಲರೂ ನಗುತ್ತಿದ್ದರು. ಕಿಟಕಿ ಬಡಿಯಿತು. ನಾನು ಯಥಾಪ್ರಕಾರ ಟೀವಿಯ ಮಗ್ಗುಲಲ್ಲಿದ್ದೆ.

"ಬಿಡ್ರಿ," ಎಂದಳು ಶಾಂತಾ.

"ಬಿಡಾಕ ಬರೂದಿಲ್ಲಂತನ ನಿಮ್ಮವ್ವ ನಿನ್ನ ಕೊಟ್ಟಾಳ," ಎಂದೆ.

"ಅವ್ವ ಕೊಟ್ಟಿದ್ದು ಅದಕ್ಕ. ನಾ ಹೂಂ ಅಂದಿದ್ದು ಅದಕ್ಕಲ್ಲ."

ಇಷ್ಟು ವರ್ಷದಲ್ಲಿ ಆಕೆ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಫೋನಿದ್ದೂ ಕೇಳದ ನಾಯಕರನ್ನು ಬೈಯುತ್ತ ಕಾಲ ಕಳೆದಿದ್ದೆ. "ಮತ್ತ್ಯಾಕ?" ಎಂದೆ.

ರಿಮೋಟಿನಿಂದ ಟೀವಿಯ ಸದ್ದು ಪೂರ್ತಿ ಕಡಿಮೆ ಮಾಡಿದಳು. ಮಂದಿ ಸಪ್ಪಳವಿಲ್ಲದೆ ನಗತೊಡಗಿದರು.

"ನಾವು ಒದರಾಕತ್ತಾಗ ಆ ಕಡೆ ಅಷ್ಟ ಮಂದಿ ನಕ್ಕರಲ್ಲ. ನೀವೊಬ್ಬರು ನಗಲಿಲ್ಲ. ನಮ್ಮ ಕಡೆ ನೋಡಿ ಬಾಯಿ ತೆರದ್ರಿ. ಸಪ್ಪಳ ಬರಲಿಲ್ಲ, ಖರೇ. ಆದ್ರ ಏನ್ ಅಂದ್ರಿ ಅನ್ನೂದು ನಂಗ ತಿಳೀತು."

ನಾನು ಟೀವಿಯ ಅಂಚು ಹಿಡಿದುಕೊಂಡೇ ಆಕೆಯ ಕಡೆ ತಿರುಗಿದೆ.

"ಈಗರ ಒಂದೀಟು ನಗ್ರಿ," ಎಂದಳು.

ನಕ್ಕೆ. ಕೈ ಬಿಡಲಿಲ್ಲ.